ಕಿರಿಯವನ ಪಾಲು: 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಮತ್ತೆ ಕೇಳುತ್ತಾ

ಎಲ್ಲರಿಗೂ ನಮಸ್ಕಾರ.

ಅಧ್ಯಕ್ಷರು ಈಗಷ್ಟೇ ಈ ಆಲ್ಬಮ್ಮನ್ನು 'ಇಂಗ್ಲೆಂಡಿನಲ್ಲಿ ಹುಟ್ಟಿದ ಹರಿಭಜನೆ' ಅಂತ ಪರಿಚಯ ಮಾಡಿದರು. ಅವರು ನನಗೆ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಎದುರಾಡಿದರೆ ಈಗಲೂ ಹಾಜರಿ ಕಡಿಮೆ ಮಾಡಿಯಾರು ಅನ್ನುವ ಭಯ ಇದೆ. ಆದರೆ ನಾನು ಇವತ್ತು ಇಲ್ಲಿಗೆ ಬಂದಿರುವುದೇ ಆ ಮಾತಿನ ಮೇಲೆ ತಕರಾರು ತೆಗೆಯಲು. ಮೇಷ್ಟ್ರು ಕ್ಷಮಿಸಬೇಕು.

ನಮ್ಮ ಕಡೆ ಬೀಟಲ್ಸ್ ತಂಡದ ಗಿಟಾರುಗಾರ ಜಾರ್ಜ್ ಹ್ಯಾರಿಸನ್ ಅಂದರೆ ಸಿತಾರ್, ರವಿಶಂಕರ್, ಹೃಷಿಕೇಶ, ಹರೇಕೃಷ್ಣ. 1970ರ ನವೆಂಬರ್ ಕೊನೆಗೆ ಬಂದ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಅಂದರೆ 'ಮೈ ಸ್ವೀಟ್ ಲಾರ್ಡ್', ಅಲ್ಲಿಗೆ ಮುಗಿಯಿತು. ಆ ಹಾಡಿನ ಕೊನೆಯಲ್ಲಿ ಕೋರಸ್ಸು 'ಗುರುರ್ಬ್ರಹ್ಮಾ ಗುರುರ್ವಿಷ್ಣುಃ' ಅನ್ನುವಾಗ ನಮಗೆಲ್ಲ ಪ್ರೈಮರಿ ಶಾಲೆಯ ಪ್ರಾರ್ಥನೆ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಅದನ್ನು ಹಾಕಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೈ ಮುಗಿದದ್ದನ್ನೂ ನೋಡಿದೆ. ಮುಗಿಯಿರಿ, ಏನೂ ತಪ್ಪಿಲ್ಲ. ಅದಾದ ಮೇಲೆ ಸೂಜಿ ಎತ್ತಿಬಿಡಬೇಡಿ, ಇಷ್ಟೇ ನನ್ನ ಕೋರಿಕೆ. ಅದರ ಬೆನ್ನಿಗೇ ಬರುವ ಹಾಡು 'ವಾ-ವಾ'. ಗಿಟಾರಿನ ಒಂದು ಒರಟು ವರಸೆ ಶುರುವಾಗುತ್ತದೆ. ಅದರ ಮೇಲೆ ಒಂದೊಂದೇ ವಾದ್ಯ ಬಂದು ಕೂತು, ಡ್ರಮ್ಮು, ಹಿತ್ತಾಳೆ ವಾದ್ಯ ಎಲ್ಲ ಸೇರಿ, ನಿಮಿಷದೊಳಗೆ ಒಂದು ದೊಡ್ಡ ಗಲಾಟೆಯೇ ಎದ್ದಿರುತ್ತದೆ. ಆ ಹಾಡಿನಲ್ಲಿ ದೇವರು ಇಲ್ಲ. ಬೀಟಲ್ಸ್‌ನ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಇದ್ದಾರೆ.

ನನ್ನ ವಾದ ಇಷ್ಟೇ, ಮುಂದೆ ಇದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಇದು ಭಕ್ತನ ಆಲ್ಬಮ್ ಅಲ್ಲ, ಕೂಡುಕುಟುಂಬದಿಂದ ಹೊರಬಿದ್ದ ಕಿರಿ ತಮ್ಮನ ಆಲ್ಬಮ್. ಅಣ್ಣಂದಿರಿಬ್ಬರು ಮನೆ ಯಜಮಾನಿಕೆ ನಡೆಸುತ್ತಾರೆ. ತಮ್ಮ ದುಡಿಯುತ್ತಾನೆ. ಪಾಲಿನ ಮಾತು ಬಂದಾಗ ಮಾತ್ರ 'ನೀನಿನ್ನೂ ಚಿಕ್ಕವನು'. ಜಾರ್ಜ್ ಬೀಟಲ್ಸ್‌ನ ನಾಲ್ವರಲ್ಲಿ ವಯಸ್ಸಿನಲ್ಲೂ ಕಿರಿಯವನೇ. ಒಂದು ಎಲ್‌ಪಿಗೆ ಅವನ ಪಾಲು ಒಂದು ಹಾಡು, ಬಹಳವಾದರೆ ಎರಡು. 'ರಿವಾಲ್ವರ್'ನಲ್ಲಿ ಮೂರು ಸಿಕ್ಕಿದ್ದೇ ದೊಡ್ಡ ಸುದ್ದಿ. ಮಿಕ್ಕದ್ದೆಲ್ಲ ಪೆಟ್ಟಿಗೆಯಲ್ಲಿ. 'ಇಸಂಟ್ ಇಟ್ ಎ ಪಿಟಿ', 'ಆರ್ಟ್ ಆಫ್ ಡೈಯಿಂಗ್' ಇವೆರಡೂ 1966ರ ಹಾಡುಗಳು. ಜನರ ಕಿವಿಗೆ ಬಿದ್ದದ್ದು 1970ರಲ್ಲಿ. ಸೋಲೋ ಆದ ಮೇಲೆ ಮೊದಲ ಏಟಿಗೇ ಮೂರು ಎಲ್‌ಪಿಯ ಪೆಟ್ಟಿಗೆ ಹೊರತಂದನಲ್ಲ, 'ಏನು ಧಿಮಾಕು' ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಧಿಮಾಕಲ್ಲ ಸ್ವಾಮಿ, ಬಾಕಿ ವಸೂಲಿ.

1968ರ ಕೊನೆಗೆ ಜಾರ್ಜ್ ಅಮೆರಿಕದ ವುಡ್‌ಸ್ಟಾಕ್‌ಗೆ ಹೋಗಿ ಬಾಬ್ ಡಿಲನ್ ಮತ್ತು 'ದಿ ಬ್ಯಾಂಡ್' ತಂಡದ ಜೊತೆ ಇದ್ದು ಬಂದ. ಅಲ್ಲಿ ಇವನನ್ನು ಯಾರೂ ಚಿಕ್ಕವನು ಅನ್ನಲಿಲ್ಲ. ಡಿಲನ್ ಜೊತೆ ಕೂತು ಒಂದು ಹಾಡನ್ನೂ ಬರೆದ. ಈ ಆಲ್ಬಮ್ ಶುರುವಾಗುವುದೇ ಆ ಹಾಡಿನಿಂದ. ಆ ಗಾಳಿ ಕುಡಿದು ಬಂದವನು 1969ರ ಜನವರಿಯಲ್ಲಿ ಟ್ವಿಕೆನ್‌ಹ್ಯಾಮ್ ಫಿಲ್ಮ್ ಸ್ಟುಡಿಯೋದ ಚಳಿಯಲ್ಲಿ, ಬೀಟಲ್ಸ್ ಅಭ್ಯಾಸವನ್ನು ಚಿತ್ರೀಕರಿಸುತ್ತಿದ್ದ ಕ್ಯಾಮೆರಾ ಎದುರು, ಮತ್ತೆ ಅಣ್ಣಂದಿರ ಕೈಕೆಳಗೆ. ಜನವರಿ 6ರ ಜಗಳ ನಿಮಗೆ ಗೊತ್ತೇ ಇದೆ. ಹೀಗೆ ನುಡಿಸು, ಹಾಗೆ ನುಡಿಸಬೇಡ ಅಂತ ಪಾಲ್ ಹೇಳುತ್ತಿದ್ದಾನೆ. ನೀನು ನುಡಿಸು ಅಂದದ್ದನ್ನು ನುಡಿಸುತ್ತೇನೆ, ಬೇಡ ಅಂದರೆ ನುಡಿಸುವುದೇ ಇಲ್ಲ ಅನ್ನುತ್ತಾನೆ ಜಾರ್ಜ್. ದನಿ ಏರಿಸದೆ ಅನ್ನುತ್ತಾನೆ. ಮನೆಯಲ್ಲಿ ಹೀಗೆ ತಣ್ಣಗೆ ಮಾತಾಡುವವರು ಎಷ್ಟು ಅಪಾಯ ಅಂತ ಸಂಸಾರಸ್ಥರಿಗೆ ನಾನು ಹೇಳಬೇಕಿಲ್ಲ.

ಆ ಮಾತಿನ ನಡುವೆ ಪಾಲ್ ತಾನು ಬರೆದ ಬೀಟಲ್ಸ್ ಹಾಡು 'ಹೇ ಜ್ಯೂಡ್' ಹೆಸರು ತೆಗೆಯುತ್ತಾನೆ. ಅದರ ಹಿಂದಿನ ವರ್ಷ, ಹಾಡಿನ ಪ್ರತಿ ಸಾಲಿಗೂ ಗಿಟಾರಿನಲ್ಲಿ ಉತ್ತರ ಕೊಡುತ್ತೇನೆ ಅಂತ ಜಾರ್ಜ್ ಹೊರಟಾಗ ಪಾಲ್ ಬೇಡ ಅಂದಿದ್ದ. ಪಾಲ್ ಹೇಳಿದ್ದೇ ಸರಿ, ಆ ಹಾಡಿಗೆ ಅದು ಬೇಕಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಈಗ ಇದೇ ಆಲ್ಬಮ್ಮಿನ ಮೊದಲ ಸೈಡಿನ ಕೊನೆಯ ಹಾಡನ್ನು, 'ಇಸಂಟ್ ಇಟ್ ಎ ಪಿಟಿ'ಯನ್ನು, ಕಿವಿಗೊಟ್ಟು ಕೇಳಿ. ಇದೂ 'ಹೇ ಜ್ಯೂಡ್'ನ ಹಾಗೆ ಏಳು ನಿಮಿಷ ದಾಟುತ್ತದೆ. ಇದಕ್ಕೂ ಮುಗಿಯಲಾರದ ಒಂದು ಬಾಲ ಇದೆ. ಆ ಬಾಲದೊಳಗೆ 'ಹೇ ಜ್ಯೂಡ್'ನ 'ನಾ ನಾ ನಾ' ತಣ್ಣಗೆ ತೂರಿಕೊಂಡು ಬರುತ್ತದೆ. ಗಿಟಾರು? ಈ ಸಲ ಬೇಡ ಅನ್ನುವವರು ಯಾರೂ ಇಲ್ಲ. ಧಾರಾಳವಾಗಿ ನುಡಿಸಿಕೊಂಡಿದ್ದಾನೆ. ಒಬ್ಬರ ಮನಸ್ಸನ್ನು ಒಬ್ಬರು ಎಷ್ಟು ಸಲೀಸಾಗಿ ಮುರಿಯುತ್ತೇವೆ ಅಂತ ಮರುಗುವ ಹಾಡು ಇದು. ಮರುಗುತ್ತಲೇ ಹಳೇ ಲೆಕ್ಕ ಚುಕ್ತಾ ಮಾಡುತ್ತಾನೆ. ಮೇಷ್ಟ್ರೇ, ಇದು ವೈರಾಗ್ಯವೋ?

ಜನವರಿ 10ರಂದು ಊಟದ ಹೊತ್ತಿಗೆ ಜಾರ್ಜ್ ತಂಡ ಬಿಟ್ಟು ಎದ್ದು ಹೋದ. ಮನೆಗೆ ಹೋಗಿ ಅವತ್ತೇ ಬರೆದದ್ದು 'ವಾ-ವಾ'. ಇವನು ಬರದಿದ್ದರೆ ಗಿಟಾರುಗಾರ ಎರಿಕ್ ಕ್ಲಾಪ್ಟನ್‌ನನ್ನು ಕರೆಸೋಣ ಅಂತ ಜಾನ್ ಅಂದದ್ದು ಟೇಪಿನಲ್ಲಿ ಉಳಿದಿದೆ. ಹದಿನೆಂಟು ತಿಂಗಳೂ ಆಗಿಲ್ಲ, ಅದೇ ಕ್ಲಾಪ್ಟನ್ ಜಾರ್ಜ್‌ನ ಬಲಗಡೆ ನಿಂತು ಈ ಆಲ್ಬಮ್ಮಿಗೆ ಗಿಟಾರು ನುಡಿಸುತ್ತಿದ್ದ. ನಾನು ಇದನ್ನೆಲ್ಲ ಕಟ್ಟಿ ಹೇಳುತ್ತಿಲ್ಲ. ಹೀಗೆ ಕಟ್ಟಿದ್ದರೆ ನೀವೇ 'ತೀರಾ ಸಿನಿಮೀಯ' ಅನ್ನುತ್ತಿದ್ದಿರಿ.

ಹೆಸರಿನ ಹಾಡಿನ ವಿಷಯ ಒಂದು ಮಾತು. 'ಎಲ್ಲವೂ ಕಳೆದುಹೋಗುತ್ತದೆ' ಅಂದ ಕೂಡಲೇ ನಮ್ಮವರು ಗೀತೆಯ ಶ್ಲೋಕ ಹುಡುಕಲು ಶುರು ಮಾಡುತ್ತಾರೆ. ಅದರ ಮೂಲ ಚೀನಾದ ಲಾವೋತ್ಸೆ, ಅದೂ ಅಮೆರಿಕದ ಟಿಮತಿ ಲಿಯರಿ ತನ್ನದೇ ರೀತಿಯಲ್ಲಿ ಇಂಗ್ಲಿಷಿಗೆ ತಂದ ಲಾವೋತ್ಸೆ. ರಾಗದ ನಡಿಗೆ 'ದಿ ಬ್ಯಾಂಡ್'ನದು. ಈ ಹಾಡನ್ನು ಅದೇ ಜನವರಿಯಲ್ಲಿ ಬೀಟಲ್ಸ್ ಎದುರು ಇಟ್ಟ, ಮತ್ತೆ ಮತ್ತೆ ಅಭ್ಯಾಸವೂ ನಡೆಯಿತು, ಆದರೆ ಯಾರಿಗೂ ಮನಸ್ಸಿರಲಿಲ್ಲ. ಫೆಬ್ರವರಿ 25, ತನ್ನ ಇಪ್ಪತ್ತಾರನೇ ಹುಟ್ಟುಹಬ್ಬದ ದಿನ, ಒಬ್ಬನೇ ಸ್ಟುಡಿಯೋಗೆ ಹೋಗಿ ಈ ಹಾಡನ್ನೂ 'ಸಮ್‌ಥಿಂಗ್' ಅನ್ನೂ 'ಓಲ್ಡ್ ಬ್ರೌನ್ ಶೂ' ಅನ್ನೂ ತನ್ನಷ್ಟಕ್ಕೆ ಹಾಡಿಟ್ಟು ಬಂದ. ಹುಟ್ಟುಹಬ್ಬಕ್ಕೆ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ.

1970ರ ಏಪ್ರಿಲ್‌ನಲ್ಲಿ ಮನೆ ಒಡೆಯಿತು, ಊರಿಗೆಲ್ಲ ಗೊತ್ತಾಯಿತು. ಮೇ ಕೊನೆಗೆ ಜಾರ್ಜ್ ನಿರ್ಮಾಪಕ ಫಿಲ್ ಸ್ಪೆಕ್ಟರ್ ಎದುರು ಪೆಟ್ಟಿಗೆ ತೆರೆದ. ಎರಡು ದಿನದಲ್ಲಿ ಮೂವತ್ತು ಹಾಡು. ಸ್ಪೆಕ್ಟರ್ ಯಾರು, ಅವನ 'ವಾಲ್ ಆಫ್ ಸೌಂಡ್' ಏನು ಅಂತ ಈ ಸಭೆಗೆ ಹೇಳುವುದಿಲ್ಲ. ಒಂದು ಗಿಟಾರು ಸಾಕಾದ ಕಡೆ ಐದು ಗಿಟಾರು, ಅದರ ಮೇಲೆ ಒಂದು ಹಂಡೆ ಎಕೋ ಸುರಿಯುವವನು. ಎರಡು ಡ್ರಮ್ಮು, ಎರಡು ಮೂರು ಕೀಬೋರ್ಡು, ಬ್ಯಾಡ್‌ಫಿಂಗರ್ ತಂಡದ ಹುಡುಗರು ಗೋಡೆಗೊರಗಿ ಅಕೌಸ್ಟಿಕ್ ಗಿಟಾರು ಬಾರಿಸುವುದು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ, ಬಾಸಿಗೆ ಕ್ಲೌಸ್ ಫೂರ್ಮನ್, ಕೀಬೋರ್ಡಿಗೆ ಬಿಲ್ಲಿ ಪ್ರೆಸ್ಟನ್. ನ್ಯಾಶ್‌ವಿಲ್‌ನಿಂದ ಪೆಡಲ್ ಸ್ಟೀಲ್ ಗಿಟಾರು ನುಡಿಸುವ ಪೀಟ್ ಡ್ರೇಕ್.

ಇಲ್ಲಿ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ. ಸಂಯೋಜಕರು ಗಡಿಯಾರ ನೋಡುತ್ತಿದ್ದಾರೆ, ನೋಡಲಿ, ಇದನ್ನು ಮಾತ್ರ ಬಿಡಲಾರೆ.

ಆ ದಿನಗಳಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿಗೆ ಕರೆ ಬರುತ್ತದೆ: ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಕಾಂಗಾ (ಕೈಯಿಂದ ಬಡಿಯುವ ಉದ್ದ ಡ್ರಮ್ಮು) ಬಾರಿಸುವವರು ಬೇಕು, ಬಾ. ಹುಡುಗ ಓಡಿದ. ಒಳಗೆ ನೋಡಿದರೆ ಅಲ್ಲಿ ಜಾರ್ಜ್, ಇಲ್ಲಿ ರಿಂಗೋ. ಕೈಕಾಲು ನಡುಕ. ನಡುಕಕ್ಕೆ ಅವರಿವರ ಹತ್ತಿರ ಸಿಗರೇಟು ಬೇಡಿ ಸೇದುವುದು. ಹಾಡು 'ಆರ್ಟ್ ಆಫ್ ಡೈಯಿಂಗ್'. ಗಾಜಿನ ಆಚೆಯಿಂದ ಸ್ಪೆಕ್ಟರ್ ದನಿ: ಗಿಟಾರು, ಬಾಸು, ಡ್ರಮ್ಮು ಮಾತ್ರ ನುಡಿಸಿ. ಮತ್ತೆ, ಕೀಬೋರ್ಡು, ಡ್ರಮ್ಮು ನುಡಿಸಿ. ಹೀಗೆ ಗಂಟೆಗಟ್ಟಲೆ. ಡ್ರಮ್ಮು ಅಂದರೆ ನಾನೂ ಸೇರಿದೆ ಅಂದುಕೊಂಡು ಹುಡುಗ ಪ್ರತಿ ಸಲವೂ ಕಾಂಗಾ ಬಡಿದ. ಅಭ್ಯಾಸವಿಲ್ಲದ ಕೈ. ಬೊಬ್ಬೆ ಎದ್ದು, ಒಡೆದು, ರಕ್ತ ಬಂತು. ಕೊನೆಗೆ ಸ್ಪೆಕ್ಟರ್ ಅಂದ: ಸರಿ, ಈಗ ಕಾಂಗಾ, ನೀನೂ ಶುರು ಮಾಡು! ಅಲ್ಲಿಯವರೆಗೆ ಕಾಂಗಾದ ಮೈಕು ತೆರೆದೇ ಇರಲಿಲ್ಲ.

ತಿಂಗಳುಗಳಾದ ಮೇಲೆ ಆಲ್ಬಮ್ಮಿನ ಪೆಟ್ಟಿಗೆ ಮಾರಾಟಕ್ಕೆ ಬಂತು. ಹುಡುಗ ತೆಗೆದುಕೊಂಡು ಹೆಸರು ಹುಡುಕಿದ. ಇಲ್ಲ. ಹಾಡು ಕೇಳಿದ, ಕಾಂಗಾವೂ ಇಲ್ಲ. ಬೇರೆ ಟೇಕ್ ಬಳಸಿಬಿಟ್ಟಿದ್ದರು. ನಾನು ಕೆಟ್ಟದಾಗಿ ಬಾರಿಸಿದೆ, ಅದಕ್ಕೇ ತೆಗೆದರು ಅನ್ನುವ ಕೊರಗು ಅವನಿಗೆ ಮೂವತ್ತು ವರ್ಷ ಹೋಗಲಿಲ್ಲ. ಅಷ್ಟರಲ್ಲಿ ಅವನು ಲೋಕಪ್ರಸಿದ್ಧನಾಗಿದ್ದ. ಹೆಸರು ಫಿಲ್ ಕಾಲಿನ್ಸ್. ಜೆನೆಸಿಸ್ ತಂಡದವನು, 1981ರಲ್ಲಿ ತಾನೂ ಸೋಲೋ ಆಲ್ಬಮ್ ತಂದವನು.

ತಡೆಯಿರಿ, ಕಥೆ ಮುಗಿದಿಲ್ಲ. 2001ರ ಮರುಬಿಡುಗಡೆಗೆ ಜಾರ್ಜ್ ಹಳೇ ಟೇಪುಗಳನ್ನು ಜಾಲಾಡುತ್ತಿದ್ದ ಹೊತ್ತು. ಕಾಲಿನ್ಸ್‌ಗೆ ಒಂದು ಟೇಪು ಬಂತು. ಹಾಕಿ ಕೇಳಿದರೆ ಅದೇ ಹಾಡು, ಮೇಲೆ ಕಾಂಗಾ. ಎಂಥಾ ಕಾಂಗಾ! ತಾಳ ಎಲ್ಲೋ, ಪೆಟ್ಟು ಎಲ್ಲೋ. ಕೊನೆಯಲ್ಲಿ ಜಾರ್ಜ್‌ನ ದನಿ, ಆ ಕಾಂಗಾದವನನ್ನು ತೆಗೆದು ಹಾಕೋಣ ಅಂತ ಸ್ಪೆಕ್ಟರ್‌ಗೆ ಹೇಳಿದ ಹಾಗೆ. ಕಾಲಿನ್ಸ್ ಕುಸಿದು ಹೋದ. ಮೂವತ್ತು ವರ್ಷದ ಅನುಮಾನ ನಿಜವಾಯಿತಲ್ಲ! ಆಮೇಲೆ ಗೊತ್ತಾಯಿತು: ಜಾರ್ಜ್ ತನ್ನ ಗೆಳೆಯ, ಅಪ್ರತಿಮ ತಾಳವಾದ್ಯಗಾರ ರೇ ಕೂಪರ್‌ನನ್ನು ಕೂರಿಸಿ, ಎಷ್ಟು ಕೆಟ್ಟದಾಗಿ ಆಗುತ್ತೋ ಅಷ್ಟು ಕೆಟ್ಟದಾಗಿ ಬಾರಿಸು ಅಂತ ಹೇಳಿ ಹೊಸದಾಗಿ ರೆಕಾರ್ಡ್ ಮಾಡಿಸಿದ್ದ. ಒಂದು ತಮಾಷೆಗೋಸ್ಕರ! ಕಾಯಿಲೆಯ ಮನುಷ್ಯ, ಆ ವರ್ಷ ನವೆಂಬರ್ 29ಕ್ಕೆ ತೀರಿಕೊಂಡವನು, ಕುಳಿತು ಮಾಡಿದ ಕೆಲಸ ಇದು. ಹೊಸ ಮುದ್ರಣದಲ್ಲಿ ಕಾಲಿನ್ಸ್ ಹೆಸರನ್ನೂ ಹಾಕಿಸಿದ, ಅದು ಬೇರೆ ಮಾತು.

ನಗು ಆಯಿತಲ್ಲ, ಈಗ ವಾದಕ್ಕೆ ಬನ್ನಿ. ವರ್ಷಗಟ್ಟಲೆ ತನ್ನ ಹಾಡನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಅಂತ ನೊಂದವನು ಯಜಮಾನಿಕೆ ಕೈಗೆ ಬಂದಾಗ ಏನು ಮಾಡಿದ? ಬಾಗಿಲು ತೆರೆದಿಟ್ಟ. ಬಂದವರೆಲ್ಲ ನುಡಿಸಿ ಅಂದ. ಎಷ್ಟು ಜನ ಬಂದರೆಂದರೆ, ಒಬ್ಬ ಹುಡುಗ ಕೈಯಲ್ಲಿ ರಕ್ತ ಬರುವಷ್ಟು ಬಾರಿಸಿದ್ದು ಯಾರಿಗೂ ಕೇಳಿಸಲೇ ಇಲ್ಲ. ಉದಾರತನ, ಅನ್ಯಾಯ ಎರಡೂ ಒಂದೇ ಕೋಣೆಯಲ್ಲಿ. ಅದಕ್ಕೇ ಆ ಎಕೋ ವಿಷಯದಲ್ಲಿ ನಾನು ಜಾರ್ಜ್‌ನ ಮಾತನ್ನೇ ಒಪ್ಪುವುದಿಲ್ಲ. 2001ರಲ್ಲಿ ಅವನೇ ಬರೆದ: ಸದ್ದು ಅತಿಯಾಯಿತು, ಕಡಿಮೆ ಮಾಡಿ ಮತ್ತೆ ಮಿಕ್ಸ್ ಮಾಡುವ ಆಸೆ ಆಗುತ್ತದೆ ಅಂತ. ಮಗ ಧನಿ ಮತ್ತು ಸೌಂಡ್ ಎಂಜಿನಿಯರ್ ಪಾಲ್ ಹಿಕ್ಸ್ ಸೇರಿ 2021ರಲ್ಲಿ ಅದನ್ನೇ ಮಾಡಿದರು. ಹೊಸ ಮಿಕ್ಸ್ ಚೆನ್ನಾಗಿದೆ, ದನಿ ಮುಂದೆ ಬಂದಿದೆ, ಬಾಸು ತುಂಬಿದೆ. ನನ್ನ ಮನೆಯಲ್ಲೂ ಇದೆ. ಆದರೂ ಹಳೆಯದರಲ್ಲಿ ಒಬ್ಬ ಸಂಕೋಚದ ಮನುಷ್ಯ ಗುಂಪಿನ ನಡುವೆ ನಿಂತು ಹಾಡುವುದು ಕೇಳುತ್ತದೆ. ಹೊಸದರಲ್ಲಿ ಅವನನ್ನು ವೇದಿಕೆಯ ಮುಂದಕ್ಕೆ ತಳ್ಳಿದ್ದಾರೆ. 'ವಾ-ವಾ'ದಂಥ ಹಾಡಿಗೆ ಗುಂಪು ಬೇಕು. ಮನೆ ಬಿಟ್ಟವನು ಊರನ್ನೇ ಕರೆದು ಹಬ್ಬ ಮಾಡುತ್ತಿದ್ದಾನೆ, ಸದ್ದು ಕಡಿಮೆ ಮಾಡಿ ಅಂದರೆ ಹೇಗೆ?

ಸರಿ, ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಐದು ಅಂತಲೇ ಅರ್ಥ.

ಭಕ್ತಿ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಭಕ್ತಿಯೂ ಸಿಡುಕಿನದು. 'ಅವೇಟಿಂಗ್ ಆನ್ ಯೂ ಆಲ್' ನಾಮಸ್ಮರಣೆಯ ಹಾಡು, ಅದರಲ್ಲೇ ಪೋಪ್ ಅವರಿಗೂ ಜನರಲ್ ಮೋಟರ್ಸ್‌ಗೂ ಗಂಟು ಹಾಕಿ ಕುಟುಕುತ್ತಾನೆ. ಆ ಸಾಲುಗಳನ್ನು ಪೆಟ್ಟಿಗೆಯ ಜೊತೆ ಕೊಟ್ಟ ಹಾಳೆಯಲ್ಲಿ ಅಚ್ಚು ಹಾಕಲೇ ಇಲ್ಲ. ನಿಜವಾಗಿ ಭಜನೆಯ ಆಲ್ಬಮ್ ಬೇಕಿದ್ದವರು 1973ರ 'ಲಿವಿಂಗ್ ಇನ್ ದ ಮೆಟೀರಿಯಲ್ ವರ್ಲ್ಡ್' ಕೇಳಿ. ಅದಕ್ಕೆ ಮೇಷ್ಟ್ರು ಮಾತಾಡಲಿ.

ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರಿನ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. 1969ರ ಡಿಸೆಂಬರಿನಲ್ಲಿ ಡಿಲೇನಿ ಮತ್ತು ಬಾನಿ ಅನ್ನುವ ಅಮೆರಿಕದ ಹಾಡುಗಾರ ಜೋಡಿಯ ಜೊತೆ ಊರೂರು ತಿರುಗುವಾಗ ಕೈಗೆ ಹತ್ತಿದ್ದು. ಸಿತಾರ್ ಬಿಟ್ಟವನ ಕೈಯಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಗುಣ, ಉಳಿದುಕೊಂಡಿತ್ತು ಅನ್ನುವುದು ಹಿಂದೂಸ್ತಾನಿ ಕೇಳುವವರಿಗೆ 'ಮೈ ಸ್ವೀಟ್ ಲಾರ್ಡ್'ನ ಆರಂಭದಲ್ಲೇ ಗೊತ್ತಾಗುತ್ತದೆ. ಕೋರ್ಟಿನ ಕಥೆ ಎಲ್ಲರಿಗೂ ಗೊತ್ತು: ಶಿಫಾನ್ಸ್ ತಂಡದ 1963ರ 'ಹೀ ಈಸ್ ಸೋ ಫೈನ್'ನ ನಕಲು ಅಂತ ದಾವೆ ಆಯಿತು. 1976ರಲ್ಲಿ ನ್ಯಾಯಾಧೀಶರು, ಗೊತ್ತಿಲ್ಲದೆ ಒಳಮನಸ್ಸಿನಿಂದ ಎತ್ತಿಕೊಂಡದ್ದು, ಆದರೂ ತಪ್ಪು ತಪ್ಪೇ ಅಂದರು. ಅದಕ್ಕಿಂತ ಕಟುವಾದದ್ದು ಮುಂದಿನದು. ಆ ದಾವೆಯಲ್ಲಿ ಮೊದಲು ಜಾರ್ಜ್‌ನ ಪರ ಓಡಾಡಿದ ಅವನ ಮ್ಯಾನೇಜರ್ ಆ್ಯಲನ್ ಕ್ಲೈನ್, ಆಮೇಲೆ ಎದುರಾಳಿ ಕಂಪನಿಯನ್ನೇ ಕೊಂಡುಕೊಂಡು ಅದೇ ದಾವೆಯಲ್ಲಿ ಜಾರ್ಜ್‌ನಿಂದ ದುಡ್ಡು ಕೇಳಲು ನಿಂತ. ನ್ಯಾಯಾಲಯ ಅವನಿಗೆ ಲಾಭ ಮಾಡಿಕೊಳ್ಳಲು ಬಿಡಲಿಲ್ಲ. ಕೊಂಡ ಬೆಲೆ 5,87,000 ಡಾಲರ್, ಅಷ್ಟಕ್ಕೇ ಬಿಟ್ಟುಕೊಡು ಅಂದಿತು.

ಮುಖಪುಟದ ನಾಲ್ಕು ಕುಳ್ಳ ಬೊಂಬೆಗಳು, ಜಾರ್ಜ್‌ನ ಮನೆ ಫ್ರಯರ್ ಪಾರ್ಕಿನ ತೋಟ, ರೆಕಾರ್ಡಿಂಗ್ ನಡೆಯುತ್ತಿದ್ದಾಗಲೇ ಜುಲೈಯಲ್ಲಿ ತೀರಿಕೊಂಡ ತಾಯಿ ಲೂಯಿಸ್, ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯರಿಗೆ ಬರೆದ 'ಆ್ಯಪಲ್ ಸ್ಕ್ರಫ್ಸ್', ಇವೆಲ್ಲ ನನ್ನ ಹಾಳೆಯಲ್ಲಿವೆ, ಹಾಳೆಯಲ್ಲೇ ಇರಲಿ. ಅಮೆರಿಕದಲ್ಲಿ ಏಳು ವಾರ ಇದು ಒಂದನೇ ಸ್ಥಾನದಲ್ಲಿತ್ತು ಅನ್ನುವುದನ್ನು ಮಾತ್ರ ಹೇಳದೆ ಹೋಗಲಾರೆ. ಅಣ್ಣಂದಿರೂ ಅಂಗಡಿಯಲ್ಲಿ ಅದನ್ನು ನೋಡಿಯೇ ಇರುತ್ತಾರೆ.

ಮೂರನೇ ಎಲ್‌ಪಿ, 'ಆ್ಯಪಲ್ ಜ್ಯಾಮ್', ಗೆಳೆಯರು ಸೇರಿ ಸುಮ್ಮನೆ ನುಡಿಸಿಕೊಂಡದ್ದು. ಅದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ, ಸಂಯೋಜಕರೂ ಹಾಕುವುದಿಲ್ಲವಂತೆ. ಈಗ ಎರಡನೇ ಸೈಡ್ ಹಾಕುತ್ತಾರೆ. ಅದರ ಕೊನೆಯ ಹಾಡು 'ರನ್ ಆಫ್ ದ ಮಿಲ್' ಬರುವವರೆಗೆ ದಯವಿಟ್ಟು ಯಾರೂ ಏಳಬೇಡಿ. ಮೂರು ನಿಮಿಷದ ಹಾಡು, ಸ್ಪೆಕ್ಟರ್‌ನ ಗದ್ದಲವೂ ಅದರಲ್ಲಿ ಕಡಿಮೆ, ಮುರಿದ ಸ್ನೇಹದ ಮಾತು ನೇರವಾಗಿದೆ. ಮೇಷ್ಟ್ರ ಉತ್ತರ ಕಾಫಿ ಆದ ಮೇಲೆ ಕೇಳೋಣ. ಅವರು ಆಗಲೇ ಏನೋ ಬರೆದುಕೊಂಡಿದ್ದಾರೆ.