ಲಾಂಚ್ ಎಲ್ಲರಿಗೂ ಕಾಣುತ್ತದೆ, ಫೀಚರ್ ಯಾರಿಗೆ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಾಲೇಜಿನ ಹುಡುಗ ಹುಡುಗಿಯರಿದ್ದೀರಿ, ಮೊಬೈಲ್ ಅಂಗಡಿ ಇಟ್ಟುಕೊಂಡವರಿದ್ದೀರಿ, ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ನೇರ ಬಂದವರೂ ಇದ್ದೀರಿ. ಈ ವಿಷಯ ಮಾತಾಡಲು ಕೋಲಾರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ ಬಂತೆಂದರೆ ನಿಮ್ಮಲ್ಲಿ ಎಷ್ಟೋ ಜನ ರಾತ್ರಿ ಹತ್ತೂವರೆಗೆ ಫೋನ್ ಹಿಡಿದು ಕೂರುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಆ್ಯಪಲ್ ಕಂಪನಿ ಹೊಸ ಐಫೋನ್ ತೋರಿಸುವ ಹೊತ್ತು. ಅದನ್ನು ನೋಡುವುದಕ್ಕೆ ಇವತ್ತು ಯಾವ ಅಡ್ಡಿಯೂ ಇಲ್ಲ. ಯೂಟ್ಯೂಬ್ ಇದ್ದರೆ ಸಾಕು. ಆದರೆ ಅಲ್ಲಿ ತೋರಿಸಿದ್ದು ನಿಮ್ಮ ಕೈಗೆ ಬಂದಾಗ, ನಿಮ್ಮ ಊರಲ್ಲಿ, ನಿಮ್ಮ ಭಾಷೆಯಲ್ಲಿ ಕೆಲಸ ಮಾಡುತ್ತದೆಯೇ? ಅದಕ್ಕೆ ಉತ್ತರ ಪರದೆಯ ಕೆಳಗಿನ ಸಣ್ಣ ಅಕ್ಷರದಲ್ಲಿ ಒಂದೆರಡು ಸೆಕೆಂಡ್ ಬಂದು ಹೋಗುತ್ತದೆ. ಆ ಸಣ್ಣ ಅಕ್ಷರವನ್ನು ವೇದಿಕೆಯ ಮೇಲೆಯೇ ಗಟ್ಟಿಯಾಗಿ ಹೇಳಬೇಕು ಎಂದು ಕೇಳುವ ಹಕ್ಕು ನಮಗಿದೆ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಮೊದಲು ನೋಡುವ ಸಂಗತಿಯಿಂದಲೇ ಶುರು ಮಾಡೋಣ, ಏಕೆಂದರೆ ಒಂದು ಕಾಲದಲ್ಲಿ ನೋಡುವುದಕ್ಕೂ ಷರತ್ತು ಇತ್ತು.

2007ರ ಜನವರಿ 9ರಂದು ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದಾಗ ನಮ್ಮಂಥವರಿಗೆ ಅದು ಲೈವ್ ಆಗಿ ಕಾಣಲಿಲ್ಲ. ಸಭಾಂಗಣದಲ್ಲಿ ಕೂತ ವರದಿಗಾರರು ಒಂದೊಂದೇ ಸಾಲು ಟೈಪ್ ಮಾಡಿ ಹಾಕುತ್ತಿದ್ದರು, ಜನ ಅದನ್ನೇ ಓದಿಕೊಳ್ಳುತ್ತಿದ್ದರು. 2010ರ ಸೆಪ್ಟೆಂಬರ್ 1ರ ಕಾರ್ಯಕ್ರಮವನ್ನು ಆ್ಯಪಲ್ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡಿತು. ಷರತ್ತು ಏನು ಗೊತ್ತೇ? ಸ್ನೋ ಲೆಪರ್ಡ್ ಎಂಬ ಸಾಫ್ಟ್‌ವೇರ್ ಆವೃತ್ತಿ ಇರುವ, ಆ್ಯಪಲ್ಲಿನದೇ ಕಂಪ್ಯೂಟರ್ ಆದ ಮ್ಯಾಕ್‌ನಲ್ಲಿ ಸಫಾರಿ ಬ್ರೌಸರ್ ಇರಬೇಕು. ಇಲ್ಲವೇ ಐಫೋನ್ ನಡೆಸುವ ಸಾಫ್ಟ್‌ವೇರ್ ಐಒಎಸ್, ಅದರ 3ನೇ ಅಥವಾ ಮೇಲಿನ ಆವೃತ್ತಿ ಇರುವ ಐಫೋನ್, ಐಪಾಡ್ ಟಚ್ ಇರಬೇಕು. ಇಲ್ಲವೇ ಐಪ್ಯಾಡ್. ವಿಂಡೋಸ್ ಕಂಪ್ಯೂಟರ್ ಇದ್ದವರು ಹೊರಗೆ. ಆ ದಿನಗಳಲ್ಲಿ ಕೋಲಾರದ ಯಾವ ಸೈಬರ್ ಸೆಂಟರ್‌ನಲ್ಲಿ ಮ್ಯಾಕ್ ಇತ್ತು ಹೇಳಿ?

ಇದಕ್ಕೆ ಕಾರಣವಾದ ತಂತ್ರ ತಿಳಿದುಕೊಳ್ಳುವಂಥದ್ದು. ನಿಮ್ಮ ಎಪಿಎಂಸಿಯನ್ನೇ ನೆನಪು ಮಾಡಿಕೊಳ್ಳಿ. ಟೊಮೆಟೊ 15 ಕೆಜಿಯ ಕ್ರೇಟುಗಳಲ್ಲಿ ತುಂಬಿಕೊಂಡು ಮಂಡಿಗೆ ಬರುತ್ತದೆ, ಯಾರಿಗೆ ಎಷ್ಟು ಬೇಕೋ ಅಷ್ಟು ಕ್ರೇಟ್ ಎತ್ತಿಕೊಳ್ಳುತ್ತಾರೆ. ನೇರ ಪ್ರಸಾರದ ವಿಡಿಯೊ ಕೂಡ ಹೀಗೇ ತುಂಡು ತುಂಡಾಗಿ ಬರುತ್ತದೆ. ಕೆಲವು ಸೆಕೆಂಡಿನದು ಒಂದು ತುಂಡು. ಅದೇ ತುಂಡನ್ನು ಒಳ್ಳೆಯ ಗುಣಮಟ್ಟದ್ದು, ಮಧ್ಯಮದ್ದು, ಕಡಿಮೆಯದ್ದು ಎಂದು ಹಲವು ಬಗೆಯಲ್ಲಿ ಮಾಡಿ ಇಟ್ಟಿರುತ್ತಾರೆ. ಜೊತೆಗೆ ಒಂದು ಪಟ್ಟಿ ಇರುತ್ತದೆ. ಈಗ ಯಾವ ತುಂಡು ಬಂದಿದೆ, ಮುಂದಿನದು ಯಾವುದು ಎಂದು ಆ ಪಟ್ಟಿ ಹೇಳುತ್ತದೆ. ನಿಮ್ಮ ಫೋನ್ ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿ ತುಂಡುಗಳನ್ನು ತರಿಸಿಕೊಳ್ಳುತ್ತದೆ. ಸಿಗ್ನಲ್ ಇಳಿದರೆ ಕಡಿಮೆ ಗುಣಮಟ್ಟದ ತುಂಡು ತರಿಸುತ್ತದೆ. ಚಿತ್ರ ಇದ್ದಕ್ಕಿದ್ದಂತೆ ಮಸುಕಾಗುವುದು ಇದಕ್ಕೇ. ಈ ಪದ್ಧತಿಯ ಹೆಸರು ಎಚ್‌ಎಲ್‌ಎಸ್. ಆ್ಯಪಲ್ 2009ರಲ್ಲಿ ತಂದದ್ದು.

ಒಂದು ಪ್ರಯೋಗ ಹೇಳುತ್ತೇನೆ, ಮುಂದಿನ ಲಾಂಚ್ ದಿನ ಮಾಡಿ ನೋಡಿ. ಒಂದೇ ಮೇಜಿನ ಮೇಲೆ ಎರಡು ಫೋನ್ ಇಡಿ, ಒಂದು ವೈಫೈನಲ್ಲಿ, ಇನ್ನೊಂದು ಸಿಮ್ ಡೇಟಾದಲ್ಲಿ. ಎರಡರಲ್ಲೂ ಅದೇ ಪ್ರಸಾರ ಹಾಕಿ. ಒಂದರಲ್ಲಿ ಹೊಸ ಫೋನ್ ಆಗಲೇ ಪರದೆಯ ಮೇಲೆ ತಿರುಗುತ್ತಿರುತ್ತದೆ, ಇನ್ನೊಂದರಲ್ಲಿ ಮಾತಾಡುವವರು ಇನ್ನೂ ವೇದಿಕೆಯತ್ತ ನಡೆದು ಬರುತ್ತಿರುತ್ತಾರೆ. ಪ್ಲೇಯರ್ ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ಆಡಿಸುತ್ತದೆ. ಹತ್ತು ಸೆಕೆಂಡಿನ ತುಂಡು ಮೂರು ಕೂಡಿಟ್ಟರೆ ಅರ್ಧ ನಿಮಿಷ ಹಿಂದೆ. ಹಾಗಾಗಿ ಲೈವ್ ಅಂದರೆ ಪೂರ್ತಿ ಲೈವ್ ಅಲ್ಲ. ಕ್ರಿಕೆಟ್ ನೋಡುವಾಗ ಪಕ್ಕದ ಮನೆಯವರು ನಿಮಗಿಂತ ಮೊದಲೇ ಕೂಗಿಕೊಳ್ಳುತ್ತಾರಲ್ವಾ, ಅದಕ್ಕೂ ಇದೇ ಕಾರಣ.

2010ರಲ್ಲಿ ಬೇರೆ ಬ್ರೌಸರುಗಳು ಎಚ್‌ಎಲ್‌ಎಸ್ ಪಟ್ಟಿಯನ್ನು ತಾವಾಗಿ ಓದುತ್ತಿರಲಿಲ್ಲ. ಆಗ ಇಂಟರ್ನೆಟ್ ವಿಡಿಯೊ ಎಂದರೆ ಅಡೋಬಿ ಕಂಪನಿಯ ಫ್ಲ್ಯಾಶ್ ಎಂಬ ಸಾಫ್ಟ್‌ವೇರ್. ಐಫೋನಿಗೆ ಫ್ಲ್ಯಾಶ್ ಬಿಡುವುದಿಲ್ಲ ಎಂದು ಜಾಬ್ಸ್ ಅದೇ ವರ್ಷ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದಿದ್ದರು. ಫ್ಲ್ಯಾಶ್ ಇಲ್ಲದೆಯೂ ಲೈವ್ ವಿಡಿಯೊ ಕೊಡಬಹುದು ಎಂದು ಆ ಪ್ರಸಾರ ತೋರಿಸಿಕೊಟ್ಟಿತು. ಯಾರು ಬೇಕಾದರೂ ಬಳಸಬಹುದಾದ ಮುಕ್ತ ಮಾನದಂಡಗಳ ಮೇಲೆ ಕಟ್ಟಿದ್ದು ಎಂದು ಕಂಪನಿ ಹೇಳಿಕೊಂಡಿತು. ಮಾನದಂಡ ಮುಕ್ತವೇ ಇರಬಹುದು, ಬಾಗಿಲು ಮಾತ್ರ ಅವರ ಸಾಧನ ಇದ್ದವರಿಗೆ ತೆರೆಯಿತು. ಎಂಜಿನಿಯರಿಂಗ್ ಓದುವ ಮಕ್ಕಳು ಈ ವ್ಯತ್ಯಾಸ ಚೆನ್ನಾಗಿ ಗಮನಿಸಬೇಕು. ಮುಂದಿನ ವರ್ಷಗಳ ಪ್ರಸಾರಗಳಲ್ಲಿ ವಿಂಡೋಸ್ ಬಳಸುವ ಕೆಲವರು ಆ ಪಟ್ಟಿಯ ಲಿಂಕ್ ಹುಡುಕಿ ವಿಎಲ್‌ಸಿ ಪ್ಲೇಯರ್‌ಗೆ ಹಾಕಿ ನೋಡುತ್ತಿದ್ದರು. ಅದು ಕೆಲಸವೂ ಮಾಡುತ್ತಿತ್ತು. ಅಂದರೆ ವಿಂಡೋಸ್ ಕಂಪ್ಯೂಟರಿಗೆ ಆ ಶಕ್ತಿ ಇರಲಿಲ್ಲ ಎಂದೇನಲ್ಲ.

ಇನ್ನು 2014ರ ಸೆಪ್ಟೆಂಬರ್ 9. ಐಫೋನ್ 6, ಜೊತೆಗೆ ಮೊದಲ ಆ್ಯಪಲ್ ವಾಚ್. ಸರಿಯಾದ ಸಾಧನ ಇದ್ದವರಿಗೂ ಅವತ್ತು ಪ್ರಸಾರ ಕೈಕೊಟ್ಟಿತು. ಶುರುವಿನಲ್ಲಿ ಚಿತ್ರ ಮತ್ತೆ ಮತ್ತೆ ನಿಂತಿತು, ಹಳೆಯ ದೂರದರ್ಶನದ ಹಾಗೆ ಬಣ್ಣದ ಪಟ್ಟಿ ಬಂತು, ಇಂಗ್ಲಿಷ್ ಮಾತಿನ ಮೇಲೆ ಚೀನೀ ಅನುವಾದಕಿಯ ದನಿ ಕೇಳಿಸಿತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದಕ್ಕೇ ಹೀಗಾಯಿತು ಎಂದರೆ ಲೈವ್ ಎಷ್ಟು ಕಷ್ಟದ ಕೆಲಸ ಎಂದು ಯೋಚಿಸಿ. 2015ರಲ್ಲಿ ವಿಂಡೋಸ್ 10ರ ಎಡ್ಜ್ ಬ್ರೌಸರಿಗೂ ಅವಕಾಶ ಕೊಟ್ಟರು. 2019ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬಿಗೆ ಬಂದರು. ಅಲ್ಲಿಗೆ ನೋಡುವ ಷರತ್ತು ಮುಗಿಯಿತು.

ಬಳಸುವ ಷರತ್ತು ಮುಗಿಯಲಿಲ್ಲ.

2020ರ ಅಕ್ಟೋಬರ್‌ನಲ್ಲಿ ಐಫೋನ್ 12 ತೋರಿಸಿದರು. ಅವತ್ತು ಇಡೀ ಕಾರ್ಯಕ್ರಮ 5ಜಿ, 5ಜಿ, 5ಜಿ. ಅಮೆರಿಕದ ವೆರಿಝೋನ್ ಕಂಪನಿಯ ಮುಖ್ಯಸ್ಥರೇ ಬಂದು ಮಾತಾಡಿದರು. ಅದೇ ತಿಂಗಳು ಫೋನ್ ಭಾರತಕ್ಕೂ ಬಂತು. ಇಲ್ಲಿ ಆಗ 5ಜಿ ತರಂಗಾಂತರದ ಹರಾಜೇ ಆಗಿರಲಿಲ್ಲ. ಹರಾಜು ನಡೆದದ್ದು 2022ರಲ್ಲಿ, ದೆಹಲಿಯಲ್ಲಿ ಪ್ರಧಾನಿಯವರು 5ಜಿ ಸೇವೆಗೆ ಚಾಲನೆ ಕೊಟ್ಟದ್ದು ಆ ವರ್ಷ ಅಕ್ಟೋಬರ್ 1ಕ್ಕೆ. ಸರಿ, ಈಗಲಾದರೂ ಬರಬೇಕಲ್ಲ? ಬರಲಿಲ್ಲ. ಫೋನಿನೊಳಗೆ 5ಜಿ ಚಿಪ್ ಇದೆ, ಹೊರಗೆ ಟವರ್ ಇದೆ, ಆದರೂ ಮೇಲುಗಡೆ 5ಜಿ ಎಂದು ಕಾಣುವುದಿಲ್ಲ. ಭಾರತದ ಜಾಲಗಳ ಮೇಲೆ ಪರೀಕ್ಷೆ ಮಾಡಿ ಸಾಫ್ಟ್‌ವೇರ್‌ನಲ್ಲಿ ಬೀಗ ತೆಗೆಯುವವರೆಗೆ ಕಾಯಬೇಕಿತ್ತು. ಆ ಬೀಗ ತೆಗೆದ ಐಒಎಸ್ 16.2 ಬಂದದ್ದು 2022ರ ಡಿಸೆಂಬರ್‌ನಲ್ಲಿ. 2020ರಲ್ಲಿ ಕೊಂಡವರು 5ಜಿ ಫೋನಿನ ದುಡ್ಡು ಕೊಟ್ಟು ಎರಡು ವರ್ಷಕ್ಕಿಂತ ಜಾಸ್ತಿ ಕಾಲ 4ಜಿಯಲ್ಲೇ ಓಡಿಸಿದರು.

ಈ ವಿಷಯದಲ್ಲಿ ಐಫೋನ್ ಒಂದನ್ನೇ ದೂರಬೇಕಿಲ್ಲ. ಪೆಟ್ಟಿಗೆಯ ಮೇಲೆ 5ಜಿ ಎಂದು ಬರೆದಿರುತ್ತದೆ, ಅಷ್ಟು ಸಾಲದು. 5ಜಿಗೆ ಬ್ಯಾಂಡ್ ಎಂದಿರುತ್ತದೆ, ಅಂದರೆ ಸಿಗ್ನಲ್ ಹರಿಯುವ ತರಂಗಾಂತರದ ಪಟ್ಟಿ. ಎನ್78 ಎನ್ನುವುದು 3300 ಮೆಗಾಹರ್ಟ್ಸ್ ಸುತ್ತಲಿನದು, ವೇಗ ಜಾಸ್ತಿ, ದೂರ ಕಡಿಮೆ. ಎನ್28 ಎನ್ನುವುದು 700 ಮೆಗಾಹರ್ಟ್ಸ್‌ನದು, ದೂರ ಹೋಗುತ್ತದೆ, ಗೋಡೆ ದಾಟುತ್ತದೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಕೊಂಡದ್ದು ಜಿಯೋ ಒಂದೇ. ಜಿಯೋದ್ದು 4ಜಿಯ ಆಸರೆಯಿಲ್ಲದೆ ನಿಲ್ಲುವ 5ಜಿ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಬೆನ್ನ ಮೇಲೆ ಕೂತ 5ಜಿ. ನಿಮ್ಮ ಫೋನಿನಲ್ಲಿ ಎನ್28 ಇಲ್ಲದಿದ್ದರೆ, ಅಥವಾ ಸ್ವತಂತ್ರ 5ಜಿ ಸಪೋರ್ಟ್ ಇಲ್ಲದಿದ್ದರೆ, ಗಡಿಯಾರ ಗೋಪುರದ ಹತ್ತಿರ ಸಿಕ್ಕ ಸಂಪರ್ಕ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಸಿಗದೇ ಹೋಗಬಹುದು. ಯಾವ ಲಾಂಚ್‌ನಲ್ಲಿ ಇದನ್ನು ಬಿಡಿಸಿ ಹೇಳುತ್ತಾರೆ?

ಮಿತಿ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಮಿತಿಗಳಿಗೆ ನ್ಯಾಯವಾದ ಕಾರಣವಿದೆ. 2018ರಲ್ಲಿ ಆ್ಯಪಲ್ ವಾಚ್‌ನಲ್ಲಿ ಇಸಿಜಿ ತೋರಿಸಿದರು. ಎದೆಯ ಬಡಿತದ ವಿಷಯ, ಸುಮ್ನೆ ಬಿಡಲಾಗುವುದಿಲ್ಲ. ಒಂದೊಂದು ದೇಶದಲ್ಲೂ ಅದಕ್ಕೆ ಅನುಮತಿ ಬೇಕು. ಮೊದಲು ಅಮೆರಿಕದಲ್ಲಿ ಬಂತು, ಭಾರತಕ್ಕೆ 2019ರಲ್ಲಿ. ಆದರೆ ನೋಡಿ, ಅವತ್ತು ಆ ಮಾತನ್ನು ವೇದಿಕೆಯಲ್ಲೇ ಹೇಳಿದರು. ಅಮೆರಿಕದವರಿಗೆ ಈ ವರ್ಷದ ಕೊನೆಗೆ, ಬೇರೆಯವರಿಗೆ ಆಮೇಲೆ ಎಂದು ಹೇಳಲು ಹತ್ತು ಸೆಕೆಂಡ್ ಸಾಕಾಯಿತು. ಕೊಳ್ಳುವವರು ತಿಳಿದು ಕೊಂಡರು. ನಾನು ಕೇಳುವುದು ಇಷ್ಟನ್ನೇ.

ಮೈಕ್ರೋಸಾಫ್ಟ್‌ನವರು ಇದನ್ನು ಮಾಡಲಿಲ್ಲ. 2021ರ ಜೂನ್ 24ರಂದು ವಿಂಡೋಸ್ 11 ತೋರಿಸಿದರು. ಆ ಪ್ರಸಾರವೇ ಬಹಳ ಜನಕ್ಕೆ ನಿಂತು ನಿಂತು ಬಂತು. ಕಾರ್ಯಕ್ರಮವೆಲ್ಲ ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದ ಸಡಗರ. ನಿಜವಾದ ಸುದ್ದಿ ಆಮೇಲೆ ಗೊತ್ತಾಯಿತು. ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಪ್ರೊಸೆಸರ್ ಚಿಪ್ ಇಂಟೆಲ್ ಕಂಪನಿಯದಾದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದು ಅಥವಾ ಅದರ ಮೇಲಿನದು ಇರಬೇಕು. ನಿಮ್ಮ ಕಂಪ್ಯೂಟರ್ ಆಗುತ್ತದೋ ಇಲ್ಲವೋ ನೋಡಲು ಒಂದು ಸಣ್ಣ ಆ್ಯಪ್ ಕೊಟ್ಟರು. ಅದು ಆಗುವುದಿಲ್ಲ ಎಂದಷ್ಟೇ ಹೇಳುತ್ತಿತ್ತು, ಯಾಕೆ ಎಂದು ಹೇಳುತ್ತಿರಲಿಲ್ಲ. ಜನ ತಲೆ ಕೆಡಿಸಿಕೊಂಡರು, ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ತೆಗೆದರು. ಮುಂದೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲವೂ ಮುಗಿಯಿತು.

ಇದು ನಮ್ಮ ಕಡೆಯ ಸಣ್ಣ ಅಂಗಡಿಗಳಿಗೆ ಎಷ್ಟು ಹೊರೆ ಎಂದು ಆ ವೇದಿಕೆಯ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಲಗ್ನಪತ್ರಿಕೆ ಈಗಲೂ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಆದ ಪೇಜ್‌ಮೇಕರ್ 7ರಲ್ಲಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ತಯಾರಾಗುವುದು ಕಾಣುತ್ತದೆ. ಆ ಪೇಜ್‌ಮೇಕರ್ 2001ರದ್ದು. ಹಳೆಯ ಫೈಲುಗಳೆಲ್ಲ ಅದರಲ್ಲೇ ಇವೆ, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರದಲ್ಲಿ ಅಲ್ಲ. ಅಲ್ಲಿಂದ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಹಾಗಾಗಿ ಅವರು ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸದೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದನ್ನು ನಾನು ಹಿಂದುಳಿದಿರುವಿಕೆ ಎನ್ನುವುದಿಲ್ಲ. ಅನ್ನ ಕೊಡುವ ಯಂತ್ರವನ್ನು ತಿಳಿದು ಕಾಪಾಡಿಕೊಂಡಿದ್ದಾರೆ.

ಈಗ ನರಸಾಪುರಕ್ಕೆ ಬರುತ್ತೇನೆ. ವಿಸ್ಟ್ರಾನ್ ಅಲ್ಲಿ 2020ರಲ್ಲಿ ಐಫೋನ್ ಜೋಡಿಸಲು ಶುರು ಮಾಡಿತು, 2023ರಲ್ಲಿ ಕಾರ್ಖಾನೆ ಟಾಟಾದವರ ಕೈಗೆ ಬಂತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗಿ ಬರುವುದನ್ನು ಹೆದ್ದಾರಿಯಲ್ಲಿ ದಿನಾ ನೋಡುತ್ತೀರಿ. ಜಗತ್ತು ರಾತ್ರಿ ಹತ್ತೂವರೆಗೆ ಕಣ್ಣರಳಿಸಿ ನೋಡುವ ವಸ್ತು ನಮ್ಮ ಜಿಲ್ಲೆಯ ಕೈಗಳಲ್ಲಿ ರೂಪ ಪಡೆಯುತ್ತದೆ. ನನಗೆ ಇದು ಹೆಮ್ಮೆ.

ಆದರೆ 2024ರ ಜೂನ್‌ನಲ್ಲಿ ಆ್ಯಪಲ್ ತನ್ನ ಎಐ ತೋರಿಸಿದಾಗ ಅದು ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಬಂದಿದ್ದ ಮಾಮೂಲಿ ಐಫೋನ್ 15ಕ್ಕೆ ಸಿಗಲಿಲ್ಲ, 15 ಪ್ರೊಗೆ ಮಾತ್ರ. ಭಾಷೆ ಮೊದಲು ಅಮೆರಿಕದ ಇಂಗ್ಲಿಷ್. ಭಾರತದ ಇಂಗ್ಲಿಷ್ ಸೇರಿದ್ದು 2025ರಲ್ಲಿ. ಆಗಲೂ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡ ಕಷ್ಟ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಮಾತಾಡುವ ಎಐ ಆದ ಜೆಮಿನಿ ಲೈವ್ ಅನ್ನು ಒಂಬತ್ತು ಭಾರತೀಯ ಭಾಷೆಗಳಿಗೆ ತರುವುದಾಗಿ ಹೇಳಿತು, ಅದರಲ್ಲಿ ಕನ್ನಡವಿತ್ತು. ಮನಸ್ಸು ಮಾಡಿದರೆ ಆಗುತ್ತದೆ. ಫೋನ್ ಜೋಡಿಸುವ ಹುಡುಗಿಯ ಮನೆಮಾತಿನಲ್ಲಿ ಆ ಫೋನ್ ಮಾತಾಡಬೇಕು ಎನ್ನುವುದು ದೊಡ್ಡ ಬೇಡಿಕೆಯೇ?

ಅಂಗಡಿಯವರಿಗೆ ಒಂದು ವಿನಂತಿ. ಹೊಸ ಮಾಡೆಲ್ ಬಂದ ದಿನ ಬೆಲೆ ಪಟ್ಟಿಯ ಪಕ್ಕದಲ್ಲೇ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ. ಯಾವ ಬ್ಯಾಂಡ್ ಇದೆ, ಯಾವ ಫೀಚರ್ ಭಾರತದಲ್ಲಿ ಇಲ್ಲ, ವಾಚ್ ಯಾವ ಫೋನಿಗೆ ಸೇರುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಎಂದು ಬರೆಯಿರಿ. ಆ್ಯಪಲ್ ವಾಚ್ ಆಂಡ್ರಾಯ್ಡ್‌ಗೆ ಸೇರುವುದಿಲ್ಲ ಎಂಬ ಒಂದು ಸಾಲು ಎಷ್ಟೋ ಜನರ ದುಡ್ಡು ಉಳಿಸುತ್ತದೆ. ವಿದೇಶದಿಂದ ಅಣ್ಣನೋ ಮಾವನೋ ಫೋನ್ ತರುವವರಿದ್ದರೆ ಅವರಿಗೂ ಹೇಳಿ: ಅಮೆರಿಕದ ಐಫೋನ್ 14ರಿಂದ ಆಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಒಂದೇ.

ನನ್ನ ಮಾತು ಇಷ್ಟು. ಈಗ ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಎಂದಿರುವಲ್ಲಿ ಹೋಗಿ ಮಾಡೆಲ್ ನಂಬರ್ ನೋಡಿಕೊಳ್ಳಿ. ಕಂಪನಿಯ ಪುಟದಲ್ಲಿ ಅದನ್ನು ಹುಡುಕಿದರೆ ಬ್ಯಾಂಡುಗಳ ಪಟ್ಟಿ ಬರುತ್ತದೆ. ಎನ್28 ಇದೆಯೋ ಇಲ್ಲವೋ ಎಂದು ಒಬ್ಬೊಬ್ಬರದಾಗಿ ನೋಡೋಣ. ಮುಂದಿನ ಸಾಲಿನಿಂದಲೇ ಶುರು ಮಾಡಿ.