ಆಯು ಮೀನಿಗೆ ಗಾಳ: ಮೊದಲು ಕಲ್ಲು ನೋಡಿ

ಕೇಳುಗರಿಗೆ ನಮಸ್ಕಾರ. ಗಾಳದ ಹುಚ್ಚು ಹತ್ತಿದ ಮಲೆನಾಡಿನ ಹುಡುಗರು ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂತಲೇ ತಿಳಿದು ಮಾತಾಡುತ್ತೇನೆ.

ಜಪಾನಿನ ಬೆಟ್ಟದ ಹೊಳೆಗಳಲ್ಲಿ ಆಯು ಎಂಬ ಮೀನಿದೆ. ಗೇಣುದ್ದ ಬೆಳೆಯುತ್ತದೆ, ಒಂದೇ ವರ್ಷ ಬದುಕುತ್ತದೆ. ಹೊಳೆಯ ಕೆಳಪಾತ್ರದ ಜಲ್ಲಿಯಲ್ಲಿ ಮೊಟ್ಟೆಯೊಡೆದ ಮರಿ ಸಮುದ್ರಕ್ಕಿಳಿದು ಚಳಿಗಾಲ ಕಳೆಯುತ್ತದೆ, ವಸಂತದಲ್ಲಿ ಹೊಳೆ ಹತ್ತುತ್ತದೆ. ಆಗ ಅದರ ಹಲ್ಲೇ ಬದಲಾಗಿ ಬಾಚಣಿಗೆಯ ಹಾಗಾಗುತ್ತದೆ, ಕಲ್ಲಿನ ಪಾಚಿ ಕೆರೆಯಲಿಕ್ಕೆ.

ಈ ಮೀನಿನ ಮಾತೆತ್ತಿದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಸಾರ್, ಗಾಳಕ್ಕೆ ಏನು ಸಿಗಿಸಬೇಕು?" ಪಾಚಿ ಮೇಯುವ ಮೀನಿಗೆ ಎರೆಹುಳ ಯಾಕೆ? ಮೊದಲು ಕಲ್ಲು ನೋಡಿ.

ನನಗೆ ಇದನ್ನು ಕಲಿಸಿದವರು ಗಿಫು ಪ್ರಾಂತ್ಯದ ಗುಜೋ ಹಚಿಮಾನ್ ಊರಿನ ಒಬ್ಬ ಅಜ್ಜ. ಯೋಶಿದಾ ಹೊಳೆ ನಾಗರಾ ನದಿಗೆ ಸೇರುವ ಜಾಗ ಅದು. ಮೂವತ್ತು ಅಡಿ ಉದ್ದದ ಕೋಲು ಅವರ ಕೈಯಲ್ಲಿ. ಕೊಡಿ ಅಂದರೆ ಕೊಡಲಿಲ್ಲ. ತೊಡೆಮಟ್ಟದ ನೀರಿಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಮಂಕಾಗಿತ್ತು, ಮೇಲೆ ಕೆಸರಿನ ಪದರ. ತಲೆಯಾಡಿಸಿದರು, ಬೇಡ. ನಾಲ್ಕು ಹೆಜ್ಜೆ ಆಚೆ ಇನ್ನೊಂದು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಬಗ್ಗಿ ನೋಡುತ್ತೇನೆ, ಮೈತುಂಬ ಬಿದಿರೆಲೆಯಂಥ ಗೀರುಗಳು! ಮೀನು ಬಾಯಲ್ಲಿ ಉಜ್ಜಿ ಪಾಚಿ ಮೇದ ಗುರುತು. ಹಮಿಯಾತೊ ಎನ್ನುತ್ತಾರೆ ಅವರು.

ಆಮೇಲೆ ಅಜ್ಜ ಬುಟ್ಟಿಯಿಂದ ಜೀವಂತ ಆಯು ಒಂದನ್ನು ತೆಗೆದರು. ಅದಕ್ಕೂ ಮುಂಚೆ ಕೈಯನ್ನು ಹೊಳೆಯಲ್ಲಿ ಅದ್ದಿ ತಣ್ಣಗೆ ಮಾಡಿಕೊಂಡರು, ಬಿಸಿ ಕೈ ಆ ಮೀನಿಗೆ ಆಗದು. ಎತ್ತಿಗೆ ಮೂಗುದಾರ ಪೋಣಿಸಿದ ಹಾಗೆ ಮೂಗಿಗೆ ಸಣ್ಣ ಬಳೆ, ಬಾಲದ ಹಿಂದೆ ತೇಲುವ ಕೊಕ್ಕೆ. ನಮ್ಮ ಬೇಟೆಗಾರರು ಬೇರೆ ಹಕ್ಕಿಗಳನ್ನು ಸೆಳೆಯಲು ದೀಹದ ಹಕ್ಕಿ ಇಡುತ್ತಿದ್ದರಲ್ಲ, ಹಾಗೆಯೇ ಇದು ದೀಹದ ಮೀನು. ಅದನ್ನು ಮೆಲ್ಲಗೆ ಆ ಮಿಂಚುವ ಕಲ್ಲಿನತ್ತ ಬಿಟ್ಟರು. ಒಂದೊಂದು ಆಯುವಿಗೂ ಸುಮಾರು ಒಂದು ಚದರ ಮೀಟರು ಮೇವಿನ ಜಾಗ. ಬೇರೆ ಮೀನು ಕಾಲಿಟ್ಟರೆ ಸಹಿಸುವುದಿಲ್ಲ. ಆ ಕಲ್ಲಿನ ಒಡೆಯ ಮೀನು ದೀಹವನ್ನು ಹಾಯಲು ನುಗ್ಗಿತು, ಕೊಕ್ಕೆಗೆ ಸಿಕ್ಕಿತು. ಕೋಲು ಬಾಗಿದ್ದೇ ತಡ, ಅಜ್ಜ ಎರಡೂ ಮೀನನ್ನು ಗಾಳಿಯಲ್ಲೇ ಹಾರಿಸಿ ಸೊಂಟದ ಬಲೆಗೆ ಹಾಕಿಕೊಂಡರು. ಹೊಸದಾಗಿ ಸಿಕ್ಕಿದ್ದೇ ಮುಂದಿನ ದೀಹ. ಕೈಗೆ ಕೊಟ್ಟರು, ಮೂಸಿದೆ. ಆಗಷ್ಟೇ ಸೌತೆಕಾಯಿ ಹೆಚ್ಚಿದ ವಾಸನೆ.

ಹಸಿವಿನಿಂದಲ್ಲ, ಸಿಟ್ಟಿನಿಂದ ಸಿಗುವ ಮೀನು ಇದು. ಸಿಟ್ಟು ಕಲ್ಲಿಗಾಗಿ. ಅದಕ್ಕೇ ಹೇಳುವುದು, ಕಲ್ಲು ನೋಡಿ.

ಸಮಯ ಆಗಿಬಿಟ್ಟಿತು, ಉಳಿದದ್ದು ಚುಟುಕಾಗಿ. ಅಲ್ಲಿ ಗಾಳ ಹಾಕಲು ಮೀನುಗಾರರ ಸಂಘದಿಂದ ಚೀಟಿ ಪಡೆಯಬೇಕು. ಹೆಚ್ಚಿನ ಹೊಳೆಗಳು ಜೂನ್ ಹೊತ್ತಿಗೆ ತೆರೆಯುತ್ತವೆ. ನಾಗರಾ ನದಿಯ ಆಯುವಿಗೆ 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ.

ನಮ್ಮ ಘಟ್ಟದ ಹೊಳೆಗಳಲ್ಲೂ ಕಲ್ಲಿಗೆ ಬಾಯಿ ಅಂಟಿಸಿ ಪಾಚಿ ಕೆರೆಯುವ ಪುಟ್ಟ ಮೀನುಗಳಿವೆ, ಬೇರೆ ಜಾತಿಯವು. ಮೇಲೆ ಗುಡ್ಡ ಅಗೆದ ಮಣ್ಣು ಮಳೆಗೆ ಬಂದು ಕಲ್ಲಿನ ಮೇಲೆ ಕೂತರೆ ಪಾಚಿಗೆ ಬಿಸಿಲಿಲ್ಲ, ಮೀನಿಗೆ ಮೇವಿಲ್ಲ. ಮೀನೆಲ್ಲ ಎಲ್ಲಿ ಹೋದವು ಸಾರ್ ಎಂದು ನನಗೆ ಫೋನ್ ಮಾಡುವ ಮೊದಲು ಹೊಳೆಗಿಳಿದು ಒಂದು ಕಲ್ಲು ಸವರಿ ನೋಡಿ. ಬೆರಳು ಜಾರಿತೋ, ಬೆರಳಿಗೆ ಕೆಸರು ಹತ್ತಿತೋ, ಅದನ್ನು ಹೇಳಿ. ನಮಸ್ಕಾರ.