ಮೈ ಎಲ್ಲಿ ದುಡಿಯುತ್ತದೆ, ಎಲ್ಲಿ ಕೂರುತ್ತದೆ

(ಕಾರವಾರದಲ್ಲಿ ಆಶಾ ಕಾರ್ಯಕರ್ತೆಯರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಆಶಾ ಕಾರ್ಯಕರ್ತೆಯರೇ, ಆರೋಗ್ಯ ಸಹಾಯಕಿಯರೇ, ವಿದ್ಯಾರ್ಥಿ ಮಿತ್ರರೇ,

ರಕ್ತದೊತ್ತಡ, ಮಧುಮೇಹದಂಥ ಕಾಯಿಲೆಗಳ ಅಪಾಯ ಯಾರಿಗಿದೆ ಎಂದು ತಿಳಿಯಲು ಮೂವತ್ತು ದಾಟಿದವರ ಮನೆಗೆ ನೀವು ಒಯ್ಯುವ ನಮೂನೆಯಲ್ಲಿ ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಇವುಗಳ ಜೊತೆಗೆ ಒಂದು ಪ್ರಶ್ನೆ ಇದೆ: ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ಹೌದು ಎಂದರೆ ಸೊನ್ನೆ, ಇಲ್ಲ ಎಂದರೆ ಒಂದು ಅಂಕ. ಒಟ್ಟು ಅಂಕ ನಾಲ್ಕನ್ನು ದಾಟಿದವರನ್ನು ತಪಾಸಣೆಗೆ ಮೊದಲು ಕಳುಹಿಸುತ್ತೀರಿ. ಇಂದು ನಾನು ಮಾತನಾಡುವುದು ಈ ಒಂದು ಪ್ರಶ್ನೆಯ ಬಗ್ಗೆ ಮಾತ್ರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದನ್ನು ಕೇಳುವುದು ಸುಲಭವಲ್ಲ, ಉತ್ತರವನ್ನು ನಂಬುವುದು ಇನ್ನೂ ಕಷ್ಟ.

ಅಂಕೋಲೆಯ ಸುತ್ತಲಿನ ಹಾಲಕ್ಕಿ ಸಮುದಾಯದ ಕೊಪ್ಪವೊಂದರ, ಅಂದರೆ ಕೇರಿಯೊಂದರ, ಹೆಂಗಸನ್ನು ಎಣಿಸಿಕೊಳ್ಳಿ. ತರಕಾರಿಯ ಬುಟ್ಟಿ ಹೊತ್ತು ಪೇಟೆಗೆ ನಲವತ್ತು ನಿಮಿಷ ನಡೆಯುತ್ತಾಳೆ, ಅಷ್ಟೇ ಹೊತ್ತು ಮರಳುತ್ತಾಳೆ. ವಾರಕ್ಕೆ ನಾಲ್ಕು ದಿನ ಹೀಗೆ. ವ್ಯಾಯಾಮ ಮಾಡುತ್ತೀಯೇನಮ್ಮ ಎಂದು ಕೇಳಿದರೆ ಆಕೆ ಇಲ್ಲ ಎನ್ನುತ್ತಾಳೆ. ಕಚೇರಿಯಲ್ಲಿ ದಿನವಿಡೀ ಕುಳಿತು, ವಾರಕ್ಕೆ ಮೂರು ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಇಪ್ಪತ್ತು ನಿಮಿಷ ನಡೆಯುವವರು ಹೌದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಇದನ್ನು ಲೆಕ್ಕ ಹಾಕುವ ಕ್ರಮವಿದೆ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿ ಒಂದು ಮೆಟ್. ಮಧ್ಯಮ ಶ್ರಮಕ್ಕೆ ನಾಲ್ಕು, ಕಠಿಣ ಶ್ರಮಕ್ಕೆ ಎಂಟು. ವಾರದ ನಿಮಿಷಗಳನ್ನು ಇದರಿಂದ ಗುಣಿಸಿದಾಗ 600 ಮೆಟ್-ನಿಮಿಷ ಬಂದರೆ ಸಾಕಷ್ಟು ಚಟುವಟಿಕೆ ಇದೆ ಎಂದರ್ಥ. ತಲೆಯ ಮೇಲಿನ ಹೊರೆಯನ್ನು ಬದಿಗಿಟ್ಟು ನಡಿಗೆಯನ್ನಷ್ಟೇ ಎಣಿಸಿದರೂ ಆ ಹೆಂಗಸಿನದು 320 ನಿಮಿಷ, 1280 ಮೆಟ್-ನಿಮಿಷ. ಕಚೇರಿಯವರದು 60 ನಿಮಿಷ, 240 ಮೆಟ್-ನಿಮಿಷ. ನಮೂನೆಯಲ್ಲಿ ಮಾತ್ರ ಇಬ್ಬರ ಸ್ಥಾನ ಅದಲುಬದಲಾಗಿರುತ್ತದೆ.

ಆದ್ದರಿಂದಲೇ ಆ ಪ್ರಶ್ನಾವಳಿ ಚಟುವಟಿಕೆಯನ್ನು ಮೂರು ಪಾಲು ಮಾಡಿ ಕೇಳುತ್ತದೆ: ದುಡಿಮೆಯಲ್ಲಿ ಎಷ್ಟು, ಓಡಾಟದಲ್ಲಿ ಎಷ್ಟು, ಬಿಡುವಿನಲ್ಲಿ ಎಷ್ಟು. ಮನೆಗೆಲಸವೂ ದುಡಿಮೆಯ ಪಾಲಿಗೇ ಸೇರುತ್ತದೆ. ದಿನಕ್ಕೆ ಎಷ್ಟು ಹೊತ್ತು ಕುಳಿತಿರುತ್ತೀರಿ ಎಂಬುದನ್ನು ಬೇರೆಯಾಗಿ ಕೇಳುತ್ತದೆ. ಒಮ್ಮೆಗೆ ಹತ್ತು ನಿಮಿಷವಾದರೂ ಮುಂದುವರಿದ ಶ್ರಮವನ್ನೇ ಎಣಿಸಬೇಕು ಎಂಬ ನಿಯಮ ಮೊದಲಿತ್ತು. ಅದೇ ಸಂಸ್ಥೆಯ 2020ರ ಮಾರ್ಗಸೂಚಿ ಆ ಷರತ್ತನ್ನು ಕೈಬಿಟ್ಟಿತು. ಬಾವಿಯಿಂದ ಅಡುಗೆಮನೆಗೆ, ಅಲ್ಲಿಂದ ಕೊಟ್ಟಿಗೆಗೆ ಓಡಾಡುವ ತುಣುಕು ತುಣುಕು ಶ್ರಮಕ್ಕೂ ಈಗ ಬೆಲೆ ಇದೆ.

ಬೇರೆ ಬೇರೆ ಜನಾಂಗಗಳು ಒಟ್ಟಿಗೆ ಬದುಕುವ ಸಿಂಗಪುರದಂಥ ಕಡೆ ಚೀನೀಯರು, ಮಲಯರು, ಭಾರತೀಯರು ಎಂದು ವಿಂಗಡಿಸಿ ಚಟುವಟಿಕೆಯನ್ನು ಅಳೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಅಳೆಯಹೊರಟರೆ ಪಟ್ಟಿ ಬಲು ಉದ್ದವಾಗುತ್ತದೆ. ಕರಾವಳಿಯಲ್ಲಿ ಖಾರ್ವಿಗಳು, ಹರಿಕಂತ್ರರು, ಹಾಲಕ್ಕಿಗಳು, ನಾಮಧಾರಿಗಳು, ಕೋಮಾರಪಂತರು, ಭಟ್ಕಳದ ನವಾಯತರು; ಘಟ್ಟದ ಮೇಲೆ ಹವ್ಯಕರು, ಕರೆ ಒಕ್ಕಲಿಗರು; ಜೋಯಿಡಾದ ಕುಣಬಿಗಳು; ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಮತ್ತು ಗೌಳಿಗಳು; ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರು. ಇಷ್ಟು ಬಗೆಯ ಜನರ ನಡುವೆ ಚಟುವಟಿಕೆಯ ಮಟ್ಟ ಖಂಡಿತ ಬೇರೆ ಬೇರೆ ಇರುತ್ತದೆ. ಆದರೆ ಆ ವ್ಯತ್ಯಾಸ ರಕ್ತದಲ್ಲಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಚಾಲಕ ಕುಳಿತೇ ಇರುತ್ತಿದ್ದ, ನಿರ್ವಾಹಕ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ. ಹೃದಯದ ಕಾಯಿಲೆ ನಿರ್ವಾಹಕರಲ್ಲಿ ಕಡಿಮೆ ಕಂಡಿತು. ಒಂದೇ ಊರು, ಒಂದೇ ಬಸ್ಸು. ಬೇರೆಯಾಗಿದ್ದದ್ದು ಮುಖ್ಯವಾಗಿ ಮೈ ಮಾಡುತ್ತಿದ್ದ ಕೆಲಸ. ನಮ್ಮಲ್ಲಿ ಯಾವ ಸಮುದಾಯಕ್ಕೆ ಯಾವ ಕೆಲಸ ಎಂಬುದನ್ನು ತಲೆಮಾರುಗಳಿಂದ ಹಂಚಿಟ್ಟಿದ್ದೇವೆ. ಹಾಗಾಗಿ ಕೆಲಸದ ವ್ಯತ್ಯಾಸವೇ ಸಮುದಾಯದ ವ್ಯತ್ಯಾಸವಾಗಿ ಕಾಣುತ್ತದೆ.

ಸಿದ್ದಿಗಳ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು, ಆದ್ದರಿಂದ ಹುಟ್ಟಿನಿಂದಲೇ ಓಟಗಾರರು ಎಂಬ ಎಣಿಕೆಯ ಮೇಲೆ 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗೆ ವಿಶೇಷ ತರಬೇತಿ ಆರಂಭಿಸಿತು. ಒಳ್ಳೆಯ ಕ್ರೀಡಾಪಟುಗಳೂ ಬಂದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಮೈದಾನ, ಊಟ, ತರಬೇತುದಾರ ಇದ್ದಾಗ ಓಡಿದವರು ಅವು ಇಲ್ಲವಾದಾಗ ಕೂಲಿಗೆ ಹೋದರು. ಹುಟ್ಟಿನ ಶಕ್ತಿಯ ಬಗ್ಗೆ ಇನ್ನೂ ಮಾತನಾಡುವವರು ಈ ಭಾಗವನ್ನು ಮರೆಯುತ್ತಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಈಗ ಆ ಹಳೆಯ ಕೆಲಸಗಳೇ ಕರಗುತ್ತಿವೆ. ರಂಪಣಿ ಎಂಬ ದೊಡ್ಡ ಮೀನುಬಲೆಯನ್ನು ದಡಕ್ಕೆ ಎಳೆಯಲು ಒಂದು ಕೇರಿಯ ಗಂಡಸರೆಲ್ಲ ಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಯಂತ್ರಚಾಲಿತ ಪರ್ಸೀನ್ ಮೀನುಗಾರಿಕೆ ದೋಣಿಗಳು ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಮರ ಹತ್ತುವ ಕೊನೆಗೌಡ ಮರದಿಂದ ಮರಕ್ಕೆ ದಾಟಿ ಅಡಿಕೆ ಗೊನೆ ಇಳಿಸುತ್ತಿದ್ದ. ಈಗ ನೆಲದಲ್ಲೇ ನಿಂತು ಉದ್ದ ಕೋಲಿನ ದೋಟಿಯಿಂದ ಕೊಯ್ಯುವುದು ಹೆಚ್ಚುತ್ತಿದೆ. ಅಡಿಕೆ ಸುಲಿಯುವುದೂ ಯಂತ್ರಕ್ಕೆ ಹೋಗುತ್ತಿದೆ. ಇದರಲ್ಲಿ ಒಳಿತೂ ಇದೆ. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿದರೆ ಅದಕ್ಕಿಂತ ದೊಡ್ಡದೇನಿದೆ? ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಮಧ್ಯರಾತ್ರಿಯವರೆಗೆ ಕುಳಿತ ಹೆಂಗಸಿನ ಬೆನ್ನುನೋವನ್ನು ಆರೋಗ್ಯ ಎಂದು ಕರೆಯಲು ಬರುವುದಿಲ್ಲ.

ಹಳ್ಳಿಯವರು ದುಡಿಯುತ್ತಾರೆ, ಅವರಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಅದು ತಪ್ಪು. ಬಿಡುವಿನಲ್ಲಿ ಮಾಡುವ ಚಟುವಟಿಕೆ ಹೃದಯವನ್ನು ಕಾಯುವಷ್ಟು ದುಡಿಮೆಯ ಶ್ರಮ ಕಾಯುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ತೋರಿಸಿದ್ದಾರೆ. ಭಾರ ಎತ್ತುವುದು, ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಾಗಿರುವುದು, ದಣಿವಾದಾಗ ನಿಲ್ಲಿಸುವ ಸ್ವಾತಂತ್ರ್ಯವಿಲ್ಲದಿರುವುದು, ಇವೆಲ್ಲ ರಕ್ತದೊತ್ತಡವನ್ನು ದಿನವಿಡೀ ಏರಿಸಿಯೇ ಇಡುತ್ತವೆ. ಆದ್ದರಿಂದ ಬುಟ್ಟಿ ಹೊರುವವಳ 1280 ಮೆಟ್-ನಿಮಿಷ ನೋಡಿ ಆಕೆಯನ್ನು ತಪಾಸಣೆಯಿಂದ ಬಿಡಬೇಡಿ. ಆಕೆಗೆ ಇನ್ನಷ್ಟು ನಡೆ ಎಂದೂ ಹೇಳಬೇಡಿ. ಆಕೆಗೆ ಬೇಕಾದದ್ದು ವಿಶ್ರಾಂತಿ ಮತ್ತು ರಕ್ತದೊತ್ತಡದ ಪರೀಕ್ಷೆ.

ದೇಶದ ಚಿತ್ರ ಆತಂಕದ್ದೇ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ 2000ದಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಶೇ. 22 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. 2022ರ ಹೊತ್ತಿಗೆ ಅದು ಶೇ. 49ನ್ನು ದಾಟಿದೆ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯಲ್ಲಿ ಯಾವುದಾದರೂ ಚಟುವಟಿಕೆ ಮಾಡುವವರು ಅದರಲ್ಲಿ ಶೇ. 10ಕ್ಕಿಂತ ಕಡಿಮೆ ಇದ್ದರು. ಅಂದರೆ ನಮ್ಮ ಜನರ ಚಟುವಟಿಕೆಯ ಬಹುಪಾಲು ದುಡಿಮೆ ಮತ್ತು ಓಡಾಟದಲ್ಲೇ ಇತ್ತು. ಆ ಎರಡೂ ಕುಗ್ಗಿದಾಗ ಮೂರನೆಯದು ತಾನಾಗಿ ಬೆಳೆಯುವುದಿಲ್ಲ. ಅದಕ್ಕೆ ಜಾಗ ಬೇಕು, ಹೊತ್ತು ಬೇಕು, ಹೆಂಗಸರಿಗೆ ಇವೆರಡರ ಜೊತೆ ಮನೆಯವರ ಒಪ್ಪಿಗೆಯೂ ಬೇಕು.

ಸಂಜೆ ಆರಕ್ಕೆ ಒಂಟಿಯಾಗಿ ನಡೆಯಲು ಹೊರಟ ಹೆಂಗಸನ್ನು ಎಲ್ಲಿಗೆ ಹೊರಟೆ ಎಂದು ಕೇಳದ ಊರು ನಮ್ಮಲ್ಲಿ ಎಷ್ಟಿವೆ? ಇದು ಒಂದು ಜಾತಿಯ, ಒಂದು ಧರ್ಮದ ಮಾತಲ್ಲ. ಜೊತೆಗೆ ಚತುಷ್ಪಥವಾದ ಹೆದ್ದಾರಿ 66 ಎಷ್ಟೋ ಊರುಗಳಲ್ಲಿ ಮನೆಗೂ ಕಡಲಿಗೂ ನಡುವೆ ಬಂದು ನಿಂತಿದೆ. ಮುದುಕರು ಅದನ್ನು ದಾಟಲು ಹೆದರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ ಎಂಬ ಸಲಹೆ ವರ್ಷದ ಮೂರನೇ ಒಂದು ಪಾಲು ದಿನ ನಮ್ಮಲ್ಲಿ ನಡೆಯುವ ಮಾತಲ್ಲ.

ಆದರೆ ಬಿಡುವಿನಲ್ಲಿ ಮೈ ಬೆವರುವ ಪದ್ಧತಿಗಳು ನಮಗೆ ಹೊಸದೇನಲ್ಲ. ಹಾಲಕ್ಕಿಗಳ ಸುಗ್ಗಿ ಕುಣಿತ ಒಂದು ಊರಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಸಿದ್ದಿಗಳ ಡಮಾಮಿ ನೃತ್ಯಕ್ಕೆ ಹೆಂಗಸರೂ ಇಳಿಯುತ್ತಾರೆ. ಯಕ್ಷಗಾನದ ಧೀಂಗಿಣ ಹಾಕುವ ಹುಡುಗನ ಉಸಿರನ್ನು ಗಮನಿಸಿ: ಮಾತನಾಡಲು ಆಗಿ, ಹಾಡಲು ಆಗದಿದ್ದರೆ ಮಧ್ಯಮ ಶ್ರಮ, ಕೆಲವು ಮಾತಿಗೇ ಉಸಿರು ಕಟ್ಟಿದರೆ ಕಠಿಣ ಶ್ರಮ. ಅವನದು ಎರಡನೆಯದು. ಮುಂಡಗೋಡಿನ ಗಾಂದೆನ್, ದ್ರೆಪುಂಗ್ ಮಠಗಳಲ್ಲಿ ಮುದುಕ ಮುದುಕಿಯರು ಜಪಮಣಿ ಎಣಿಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಅವರೂ ವ್ಯಾಯಾಮ ಮಾಡುತ್ತೇವೆ ಎನ್ನುವುದಿಲ್ಲ. ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಹೆಂಗಸರು ಸೇರಿ ಕುಣಿತ ಕಲಿತರೆ, ಅದು ಜಿಮ್ಮಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ನಿಮ್ಮಲ್ಲಿ ಎರಡು ಕೋರಿಕೆ. ನಮೂನೆಯ ಪ್ರಶ್ನೆಯನ್ನು ಕೇಳುವ ಮೊದಲು ನಿನ್ನೆಯ ದಿನದ ಬಗ್ಗೆ ಕೇಳಿ: ಎದ್ದ ಮೇಲೆ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ, ಹೇಗೆ ಹೋದಿರಿ, ಟಿವಿ ಮುಂದೆ ಅಥವಾ ಅಂಗಡಿಯ ಗಲ್ಲಾದಲ್ಲಿ ಎಷ್ಟು ಹೊತ್ತು ಕುಳಿತಿರಿ. ಮಳೆಗಾಲದಲ್ಲಿ ಕೇಳಿದ್ದರೆ ಬೇಸಿಗೆಯಲ್ಲಿ ಮತ್ತೊಮ್ಮೆ ಕೇಳಿ, ಏಕೆಂದರೆ ಗದ್ದೆಯವರಿಗೂ ಮೀನುಗಾರರಿಗೂ ಈ ಎರಡು ಕಾಲದ ಉತ್ತರ ಬೇರೆ ಬೇರೆ. ಆಮೇಲೆ 150 ನಿಮಿಷವನ್ನು ನೀವೇ ಕೂಡಿಸಿ ಬರೆಯಿರಿ.

ಎರಡನೆಯದು, ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಊರಿನ ಪಟ್ಟಿ ತನ್ನಿ. ಸಂಜೆಯ ಮೇಲೆ ದೀಪವಿಲ್ಲದ ರಸ್ತೆ ಯಾವುದು, ಹೆದ್ದಾರಿ ದಾಟಲಾಗದ ಜಾಗ ಎಲ್ಲಿದೆ, ಶಾಲೆ ಬಿಟ್ಟ ಮೇಲೆ ಬೀಗ ಬೀಳುವ ಮೈದಾನ ಯಾವುದು. ಅದನ್ನು ನಾವೆಲ್ಲ ಒಟ್ಟಾಗಿ ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಕೊಡೋಣ.